ಹರದೇಶಿ ಗಾಳೆಪ್ಪನ ಹೇಳಿಕೆ

ಕೆರೂರಿನ ಗಾಳೆಪ್ಪನಿಗೆ ಜೀವಮಾನದಲ್ಲಿ ಇದ್ದದ್ದು ಒಬ್ಬಳೇ ವೈರಿ, ಗುಡೂರಿನ ಗುರುಸಿದ್ದವ್ವ. ಆಕೆಯ ಹೆಸರು ಕಿವಿಗೆ ಬಿದ್ದರೆ ತಿನ್ನುವ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದು ನಿಲ್ಲುತ್ತಿದ್ದ. ಆಕೆಗೆ ಜ್ವರ ಬಂದಿದೆ ಎಂದು ಯಾರಾದರೂ ಹೇಳಿದರೆ ಮಾತ್ರ ಎಲ್ಲರಿಗಿಂತ ಮೊದಲು ಬಸ್ ಹತ್ತಿ ಹೋಗಿ, ದವಾಖಾನೆಗೆ ತೋರಿಸಿದ್ದಾರೋ ಇಲ್ಲವೋ ಎಂದು ವಿಚಾರಿಸಿ ಬರುತ್ತಿದ್ದ. ಇಂಥ ವೈರಿ ಎಲ್ಲರಿಗೂ ಸಿಗುವುದಿಲ್ಲ. ಅದಕ್ಕೂ ಪುಣ್ಯ ಮಾಡಿರಬೇಕು.

ಇಬ್ಬರೂ ಗೀಗೀ ಪದ ಹಾಡುವವರು. ಈ ಹಾಡಿಕೆ ಒಬ್ಬರಿಂದ ಆಗುವ ಕೆಲಸವಲ್ಲ, ಎರಡು ಮೇಳ ಎದುರುಬದುರು ನಿಲ್ಲಬೇಕು. ಹರನೇ ದೊಡ್ಡವನು ಎನ್ನುವವರು ಹರದೇಶಿ. ಶಕ್ತಿಯೇ ದೊಡ್ಡವಳು ಎನ್ನುವವರು ನಾಗೇಶಿ. ತಮಟೆಯಂಥ ದಪ್ಪು ಬಾರಿಸುತ್ತ ಒಬ್ಬರು ಸವಾಲು ಎಸೆದರೆ ಇನ್ನೊಬ್ಬರು ಅಲ್ಲೇ ಜವಾಬು ಕಟ್ಟಬೇಕು, ಹಿಂದಿನವರು ಗೀಯ ಗೀ ಎಂದು ದನಿಗೂಡಿಸಬೇಕು. ಎದುರಿನವರ ದೇವರನ್ನು ಹಿಗ್ಗಾಮುಗ್ಗಾ ಬೈಯುವುದೇ ಇದರ ರುಚಿ. ಬೈಸಿಕೊಂಡ ದೇವರು ಯಾರಾದರೂ ಸಿಟ್ಟಾದದ್ದನ್ನು ಈ ಸೀಮೆಯಲ್ಲಿ ಯಾರೂ ಕಂಡಿಲ್ಲ. ಹಾಗೆ ನೋಡಿದರೆ ಹರನ ಪರ ಗಂಟಲು ಹರಿದುಕೊಳ್ಳುವ ಗಾಳೆಪ್ಪನ ಮನೆದೇವರು ದೇವಿ. ಹರನನ್ನು ಬೈಯುವ ಗುರುಸಿದ್ದವ್ವ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಪೂಜೆ ಮುಗಿಯದೆ ಹನಿ ನೀರು ಬಾಯಿಗೆ ಹಾಕದವಳು. ಪಕ್ಷ ಗುರು ಕೊಟ್ಟದ್ದು, ಭಕ್ತಿ ಅವರವರ ಮನೆಯದು. ಹಳಬರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಶ್ರಾವಣದ ಶನಿವಾರ ತುಳಸಿಗೇರಿ ಹನುಮಪ್ಪನ ಗುಡಿಯ ಮುಂದಿನ ಬಯಲಿನಲ್ಲಿ ಹಾಡಿಕೆ ಇತ್ತು. ಗಾಳೆಪ್ಪ ಪಾರ್ವತಿಯನ್ನು ಚೆನ್ನಾಗಿ ಕೆಣಕಿದ. ಗಂಡ ಸಿಗಲಿಲ್ಲವೆಂದು ಎಲೆ ತಿಂದು ತಪಸ್ಸಿಗೆ ಕುಳಿತವಳು ಅದೆಂಥ ದೊಡ್ಡವಳು ಎಂದು ಕೇಳಿ ಮೀಸೆ ತಿರುವಿದ. ಜನ ಶಿಳ್ಳೆ ಹಾಕಿದರು. ಗುರುಸಿದ್ದವ್ವ ನೆತ್ತಿಯ ಮೇಲಿನ ಸೆರಗು ಸರಿಮಾಡಿಕೊಂಡು ನಿಧಾನವಾಗಿ ಎದ್ದಳು.

"ಭಿಕ್ಷಾ ಪಾತ್ರಿ ಹಿಡಕೊಂಡ ಬಂದಾನ, ಹೆಂಡತಿ ಬಾಗಿಲಕ ನಿಂತಾನ,
ತನ್ನ ಹೊಟ್ಟಿ ತಾ ತುಂಬಲಾರದಾಂವ, ಜಗಾ ಹೆಂಗ ಸಾಕತಾನ?"

ಬಯಲು ಎದ್ದು ಕುಣಿಯಿತು. ಗಾಳೆಪ್ಪನಿಗೆ ಜವಾಬು ಹೊಳೆಯಲಿಲ್ಲ. ಈ ಸವಾಲು ಹೊಸದೂ ಅಲ್ಲ, ಎಷ್ಟೋ ವರ್ಷದ ಹಿಂದೆ ಬಾದಾಮಿಯಲ್ಲಿ ಇದೇ ಸಾಲಿನಿಂದ ಅವನನ್ನು ಕೆಡವಿದ್ದಳು. ಅಂದಿನಿಂದ ಹೊಲದಲ್ಲಿ, ಸಂತೆಯಲ್ಲಿ, ಸ್ನಾನದ ಮನೆಯಲ್ಲಿ ಅದಕ್ಕೆ ಉತ್ತರ ಹುಡುಕುತ್ತಲೇ ಇದ್ದ. ಸಿಕ್ಕಿರಲಿಲ್ಲ. ದಪ್ಪನ್ನು ತೊಡೆಯ ಮೇಲಿಟ್ಟು ತಲೆ ತಗ್ಗಿಸಿ ಕುಳಿತ.

ಅಷ್ಟನ್ನು ಯಾರೋ ಫೋನಿನಲ್ಲಿ ಹಿಡಿದಿದ್ದರು. ಗಾಳೆಪ್ಪನ ಸವಾಲು ಅದರಲ್ಲಿ ಇರಲಿಲ್ಲ. ಕೊನೆಗೆ ಎರಡೂ ಮೇಳದವರು ಒಟ್ಟಿಗೆ ನಿಂತು ಶಿವ ಪಾರ್ವತಿಯರಿಗೆ ಮಂಗಳಾರತಿ ಹಾಡಿದ್ದೂ ಇರಲಿಲ್ಲ. ಒಬ್ಬ ಹೆಂಗಸು ಶಿವನನ್ನು ಬೈಯುವುದು, ಜನ ನಗುವುದು, ಪಕ್ಕದಲ್ಲಿ ಒಬ್ಬ ವಯಸ್ಸಾದವನು ಅವಮಾನದಿಂದ ತಲೆ ತಗ್ಗಿಸುವುದು ಇಷ್ಟೇ ಊರೂರು ಸುತ್ತಿತು. ಬಾಗಲಕೋಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ, ಒಂದು ಯುವಕರ ಸಂಘದ ಮುಂದಾಳಾಗಿದ್ದ ಪ್ರವೀಣಕುಮಾರ ಅದನ್ನು ನೋಡಿ ಕುದಿದುಹೋದ. ಹಾಡಿದವಳು ಧಾರ್ಮಿಕ ಭಾವನೆಗೆ ಧಕ್ಕೆ ತಂದಿದ್ದಾಳೆ, ಕೇಸು ಮಾಡಿ ಎಂದು ಠಾಣೆಗೆ ಅರ್ಜಿ ಕೊಟ್ಟ.

ಸಾಕ್ಷಿ ಹೇಳಲು ಗಾಳೆಪ್ಪನಿಗೆ ಕರೆ ಬಂತು. ಹೆದರಬೇಕಾದ ಮನುಷ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಪಟಕಾ ಸುತ್ತಿ ಮದುವೆಗೆ ಹೊರಟವನಂತೆ ಹೊರಟ. ಪಿಎಸ್ಐ ಸುನಂದಾ ಗಟ್ಟಿ ಹೆಂಗಸು, ಮಾತು ಮಾತ್ರ ಮೆತ್ತಗೆ. ಕುರ್ಚಿ ಹಾಕಿಸಿ ಚಹಾ ತರಿಸಿದಳು.

"ಕಾಕಾರ, ಒಂದ ಮಾತ ಕೇಳ್ತೇನಿ, ವಿಚಾರ ಮಾಡಿ ಹೇಳ್ರಿ. ಆ ಸಾಲು ಆಕಿ ಬಾಯಿಂದ ತಪ್ಪಿ ಬಂತೇನ್ರಿ? ಹಾಡೂ ಹುಮ್ಮಸ್ಸಿನ್ಯಾಗ?"

ಆಕೆ ತೆರೆದಿಟ್ಟ ಬಾಗಿಲು ಅದು. ಹೌದ್ರಿ ಎಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಆದರೆ ಗಾಳೆಪ್ಪನಿಗೆ ಕೇಳಿಸಿದ್ದೇ ಬೇರೆ. ತನ್ನನ್ನು ಸೋಲಿಸಿದ ಹಾಡು ಬಾಯಿ ತಪ್ಪಿ ಬಂದದ್ದೇ? ಹಾಗಾದರೆ ತಾನು ಸೋತದ್ದು ಯಾರಿಗೆ? ಅವನ ಮೀಸೆ ನಡುಗಿತು.

"ತಪ್ಪಿ? ಗುರುಸಿದ್ದವ್ವನ ಬಾಯಿಂದ? ಮೇಡಮ್ಮಾರ, ಆಕಿ ಬಾಯಾಗ ಒಂದ ಅಕ್ಷರ ತಪ್ಪಿ ಬರೂದಿಲ್ರಿ. ಬೇಕಂತನ ಹಾಡ್ಯಾಳ. ಕುಂತ ಕಟ್ಟಿ, ತಿದ್ದಿ, ತೀಡಿ ಹಾಡ್ಯಾಳ."

"ಯಾಕ?"

"ನನ್ನ ಮಾನಾ ಕಳಿಯಾಕ್ರಿ! ಹರನ್ನ ನೆಲಕ್ಕ ಕೆಡವಾಕ! ಅದ ಆಕಿ ಉದ್ದೇಶ."

ಸುನಂದಾಳ ಪೆನ್ನು ನಿಂತಿತು. "ಕಾಕಾರ, ಖರೇನ ಹಿಂಗ ಬರೀಲೇನ್ರಿ?"

"ದಪ್ಪ ಅಕ್ಷರದಾಗ ಬರೀರಿ," ಎಂದು ಗಾಳೆಪ್ಪ ಸಹಿ ಹಾಕಿ, ಬಾಗಿಲಲ್ಲಿ ನಿಂತಿದ್ದ ಪೇದೆ ಯಂಕಪ್ಪನಿಗೆ ನಮಸ್ಕಾರ ಮಾಡಿ ಹೊರಬಂದ. ವೈರಿಯ ಮರ್ಯಾದೆ ಉಳಿಸಿದೆ ಎಂದು ದಾರಿಯುದ್ದಕ್ಕೂ ಎದೆ ಉಬ್ಬಿಸಿಕೊಂಡೇ ಮನೆ ಸೇರಿದ.

ಅವನ ಹೆಂಡತಿ ಶಾರವ್ವ ಖಾನಾವಳಿಗೆ ರೊಟ್ಟಿ ಬಡಿದು ಕೊಡುವವಳು. ಅವನು ಹೇಳಿದ್ದನ್ನು ಕೇಳುತ್ತ ಕೇಳುತ್ತ ಆಕೆಯ ಕೈ ಹಿಟ್ಟಿನ ಮೇಲೆಯೇ ನಿಂತುಬಿಟ್ಟಿತು.

"ಬೇಕಂತ ಮಾಡ್ಯಾಳ ಅಂತ ಪೊಲೀಸರ ಮುಂದ ಹೇಳಿ ಬಂದ್ರೇನು?"

"ಹೂಂ. ಖರೆ ಹೇಳಾಕ ಏನ ಅಂಜಿಕಿ?"

"ತಪ್ಪಿ ಆಗಿದ್ದಕ್ಕ ಯಾರೂ ಜೇಲಿಗೆ ಹಾಕೂದಿಲ್ರಿ. ಬೇಕಂತ ಮಾಡಿದ್ದಕ್ಕ ಹಾಕ್ತಾರ. ಇಷ್ಟ ತಿಳೀಲಿಲ್ಲೇನ ನಿಮಗ?"

ಅವನು ಬಾಯಿ ತೆರೆಯುವಷ್ಟರಲ್ಲಿ ಫೋನು ಬಂತು. ಆ ಕಡೆ ಪ್ರವೀಣಕುಮಾರ. "ಕಾಕಾ, ಭಾಳ ಉಪಕಾರ ಆತ್ರಿ. ಬೇಕಂತ ಅನ್ನೂದ ಸಾಬೀತ ಮಾಡೂದ ಕಷ್ಟ ಅಂತಿದ್ರು ನಮ್ಮ ವಕೀಲರು. ನಿಮ್ಮ ಹೇಳಿಕಿಯಿಂದ ಅದೂ ಆತು. ಮೂರು ವರ್ಷದ ತನಕ ಶಿಕ್ಷಾ ಐತಂತ." ಗಾಳೆಪ್ಪ ಫೋನನ್ನು ಕಿವಿಗೆ ಹಿಡಿದವನು ಹಾಗೆಯೇ ಕಟ್ಟೆಯ ಮೇಲೆ ಕುಸಿದು ಕುಳಿತ. ಹೊಗಳಲು ಹೋಗಿ ಆಕೆಯ ಕೈಗೆ ಕೋಳ ತೊಡಿಸಿ ಬಂದಿದ್ದ.

ಆ ವಾರವೇ ಇಳಕಲ್ಲಿನಲ್ಲಿ ಹಾಡಿಕೆ ಇತ್ತು. ಕರೆಸಿದವರು ಮೊದಲೇ ಹೇಳಿಬಿಟ್ಟಿದ್ದರು, "ಸವಾಲ ಜವಾಬ ಬ್ಯಾಡ್ರಿ ಗಾಳೆಪ್ಪನವರ. ಎದುರು ಮೇಳನೂ ಬ್ಯಾಡ. ಯಾರಿಗೂ ನೋವಾಗದಂಗ ಬರೇ ಭಕ್ತಿ ಹಾಡ್ರಿ." ಗಾಳೆಪ್ಪ ಮನಸ್ಸಿನ ಮೂಲೆಯಲ್ಲಿ ಖುಷಿಪಟ್ಟಿದ್ದೂ ಸುಳ್ಳಲ್ಲ. ಇಡೀ ಬಯಲು ತನ್ನದು, ತಡೆಯುವವರಿಲ್ಲ.

ಹರನೇ ದೊಡ್ಡವನು ಎಂದು ಹಾಡಿದ. ಹೌದು ಎಂದು ಎಲ್ಲರೂ ತಲೆಯಾಡಿಸಿದರು. ಅಲ್ಲ ಎನ್ನುವವರು ಯಾರೂ ಇರಲಿಲ್ಲ. ಮತ್ತೊಂದು ಪದಕ್ಕೂ ಹೌದು ಎಂದರು. ಮೂರನೆಯ ಪದಕ್ಕೆ ಅರ್ಧ ಜನ ಚಹಾ ಕುಡಿಯಲು ಎದ್ದು ಹೋದರು. ಉಳಿದವರನ್ನು ಹಿಡಿದಿಡಲು ನಾರದನ ತಮಾಷೆಯ ಪದ ಎತ್ತಿಕೊಂಡ. ಎರಡು ಸಾಲು ಹಾಡುವಷ್ಟರಲ್ಲಿ ಎದುರು ಒಬ್ಬ ಫೋನು ಎತ್ತಿ ಹಿಡಿದದ್ದು ಕಂಡಿತು. ನಾರದನ ಭಕ್ತರು ಯಾರಾದರೂ ಇದ್ದಾರೋ ಏನೋ. ಗಾಳೆಪ್ಪ ಮೂರನೆಯ ಸಾಲನ್ನು ನುಂಗಿಬಿಟ್ಟ. ಹುಟ್ಟಿ ಬೆಳೆದು ಇಷ್ಟು ಮುದುಕನಾದ ಮೇಲೆ ಹೆದರಿ ಪದ ನುಂಗಿದ್ದು ಅದೇ ಮೊದಲು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮರಳಿ ಬರುವಾಗ ಗುಡೂರಿನಲ್ಲಿ ಇಳಿದುಬಿಟ್ಟ. ಗುರುಸಿದ್ದವ್ವ ಅಂಗಳದಲ್ಲಿ ಮೊರದ ತುಂಬ ಶೇಂಗಾ ಹಾಕಿಕೊಂಡು ಸುಲಿಯುತ್ತ ಕುಳಿತಿದ್ದಳು. ಅವನನ್ನು ನೋಡಿ ಏಳಲಿಲ್ಲ.

"ನಾ ಬೇಕಂತ ಹಾಡೇನಿ ಅಂತ ಹೇಳಿ ಬಂದಿಯಂತ, ಗಾಳೆಪ್ಪಣ್ಣ?"

"ಹೇಳೇನಿ."

"ಸುಳ್ಳೇನ ಹೇಳಿಲ್ಲ ಬಿಡು. ಆದರ ಅದನ್ನ ಹೊಗಳಿಕಿ ಅಂತ ತಿಳಕೊಳ್ಳೂ ಶಾಣ್ಯಾ ಈ ಜಗತ್ತಿನ್ಯಾಗ ನೀ ಒಬ್ಬಾಂವನ ಇರಬೇಕು."

ಅವನು ತಪ್ಪಾಯಿತು ಎಂದ. ಠಾಣೆಗೆ ಹೋಗಿ ಹೇಳಿಕೆ ತಿದ್ದಿಸುತ್ತೇನೆ ಎಂದ. ಆಕೆ ಕೈ ಅಡ್ಡ ಮಾಡಿದಳು. ಮಗಳು ಜಯಶ್ರೀ ಅಂಗನವಾಡಿಯಲ್ಲಿ ಕೆಲಸಕ್ಕಿದ್ದಾಳೆ, ಆಕೆಯ ಫೋನಿಗೆ ಯಾರ್‍ಯಾರೋ ಹೊಲಸು ಮಾತಾಡುತ್ತಿದ್ದಾರೆ, ತನ್ನ ಮಗುವಿನ ಕೈಗೆ ಫೋನು ಕೊಡಲೂ ಆಕೆ ಹೆದರುವಂತಾಗಿದೆ. ಅದಕ್ಕೇ ರಾಜಿಯಾಗಿದೆ. ನಾಳೆ ಠಾಣೆಯಲ್ಲಿ ಪ್ರವೀಣಕುಮಾರನ ಫೋನಿನ ಮುಂದೆ ನಿಂತು ತಪ್ಪಾಯಿತು ಎಂದು ಹೇಳಬೇಕು. ಇನ್ನು ಮುಂದೆ ನಾಗೇಶಿ ಹಾಡುವುದಿಲ್ಲ ಎಂದೂ ಹೇಳಬೇಕು. ಹೇಳಿದರೆ ಅವನು ಅರ್ಜಿ ಹಿಂದಕ್ಕೆ ಪಡೆಯುತ್ತಾನೆ.

"ಹಾಡೂದನ್ನ ಬಿಡ್ತೀಯಾ?"

"ಬಿಡದ ಏನ ಮಾಡ್ಲಿ? ಕೋರ್ಟಿಗೆ ಎಷ್ಟ ವರ್ಷ ಅಡ್ಡಾಡ್ಲಿ?"

"ಮತ್ತ ನಾ ಯಾರ ಕೂಡ ಹಾಡ್ಲಿ?" ಎಂದ ಗಾಳೆಪ್ಪ. ಎಂಥ ಸ್ವಾರ್ಥದ ಮಾತು ಎಂದು ಅವನಿಗೇ ಗೊತ್ತಿತ್ತು. ಆದರೆ ಒಳಗಿದ್ದದ್ದು ಅದೇ. "ಇಳಕಲ್ಲಿನ್ಯಾಗ ಒಬ್ಬನ ಹಾಡಿದ್ನಿ ಗುರುಸಿದ್ದವ್ವ. ಹೆಣದ ಮುಂದ ಭಜನಿ ಮಾಡಿದಂಗ ಆತು."

ಗುರುಸಿದ್ದವ್ವ ತಲೆ ಎತ್ತಲಿಲ್ಲ. ಮೊರದಲ್ಲಿ ಸುಲಿದ ಕಾಳೂ ಸಿಪ್ಪೆಯೂ ಒಂದಾಗುತ್ತಿದ್ದವು, ಆಕೆಗೆ ಅದರ ಪರಿವೆಯೇ ಇರಲಿಲ್ಲ. "ಹೋಗು, ಬಸ್ ತಪ್ಪತೈತಿ," ಎಂದಷ್ಟೇ ಹೇಳಿದಳು.

ಮಾರನೆಯ ದಿನ ಗಾಳೆಪ್ಪ ದಪ್ಪನ್ನು ಚೀಲದಲ್ಲಿ ಹಾಕಿಕೊಂಡು ಠಾಣೆಗೆ ಹೋದ. ಎಲ್ಲರೂ ಬಂದಿದ್ದರು. ಗುರುಸಿದ್ದವ್ವ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಪ್ರವೀಣಕುಮಾರ ಎದುರು ನಿಂತು ಫೋನನ್ನು ನೇರ ಮಾಡುತ್ತಿದ್ದ. ನೋಡಲು ಒಳ್ಳೆಯ ಹುಡುಗ, ಕಣ್ಣಲ್ಲಿ ಕೇಡಿರಲಿಲ್ಲ.

"ಯಮ್ಮಾ, ನನಗ ನಿಮ್ಮ ಮ್ಯಾಲ ಹಗಿ ಇಲ್ರಿ," ಎಂದ. "ನಮ್ಮಪ್ಪ ದವಾಖಾನ್ಯಾಗ ಕಡೀ ಉಸಿರ ತನಕ ಶಿವಾ ಶಿವಾ ಅನಕೋತ ಹೋದ. ಆ ಹೆಸರ ಇಟಗೊಂಡ ಮಂದಿ ನಗೂದನ್ನ ನೋಡಾಕ ನನ್ನ ಕೈಲಿ ಆಗಲಿಲ್ಲ. ಎರಡ ಮಾತ ಹೇಳ್ರಿ, ಮುಗಸೂಣು."

ಸುನಂದಾ ಮೇಜಿನ ಹಿಂದೆ ಸುಮ್ಮನೆ ಕುಳಿತಿದ್ದಳು. ರಾಜಿಯಾದರೆ ಆಕೆಗೂ ಒಂದು ತಲೆನೋವು ತಪ್ಪುತ್ತಿತ್ತು.

"ನಾನು ಗುಡೂರಿನ ಗುರುಸಿದ್ದವ್ವ," ಎಂದು ಆಕೆ ಸುರು ಮಾಡಿದಳು. "ತುಳಸಿಗೇರಿಯೊಳಗ ನಾ ಹಾಡಿದ ಪದದಿಂದ..."

ಮೈಕು ಕೆಟ್ಟ ದಿನವೂ ಬಯಲಿನ ಕೊನೆಗೆ ಮುಟ್ಟುತ್ತಿದ್ದ ದನಿ ಅದು. ಈಗ ಮೇಜಿನವರೆಗೂ ಬರಲಿಲ್ಲ. "ಸ್ವಲ್ಪ ಜೋರಾಗಿ ಹೇಳ್ರಿ," ಎಂದ ಪ್ರವೀಣಕುಮಾರ. ಗಾಳೆಪ್ಪನಿಗೆ ಅದನ್ನು ಕೇಳಲಾಗಲಿಲ್ಲ. ಗುರುಸಿದ್ದವ್ವನಿಗೆ ಜೋರಾಗಿ ಹೇಳು ಎನ್ನುವ ಕಾಲ ಬಂತಲ್ಲ! ಚೀಲದಿಂದ ದಪ್ಪು ತೆಗೆದ, ಫೋನಿನ ಮುಂದೆ ಬಂದು ನಿಂತ, ಗಂಟಲು ಬಿಚ್ಚಿದ.

"ಭಿಕ್ಷಾ ಪಾತ್ರಿ ಹಿಡಕೊಂಡ ಬಂದಾನ, ಹೆಂಡತಿ ಬಾಗಿಲಕ ನಿಂತಾನ,
ತನ್ನ ಹೊಟ್ಟಿ ತಾ ತುಂಬಲಾರದಾಂವ, ಜಗಾ ಹೆಂಗ ಸಾಕತಾನ?"

ಠಾಣೆಯ ಕಿಟಕಿಗಳು ಗಲಗಲ ಎಂದವು. ಸುನಂದಾ ಎದ್ದು ನಿಂತಳು. "ಕಾಕಾರ! ಏನ ಮಾಡಾಕತ್ತೀರಿ?"

"ನನ್ನ ಹೆಸರೂ ಬರಕೋರಿ ಮೇಡಮ್ಮಾರ. ಆಕಿ ಹಾಡಿದ್ದ ಗುನ್ಹೆ ಆದರ ನಾ ಹಾಡಿದ್ದೂ ಗುನ್ಹೆ. ನಾನೂ ಬೇಕಂತನ ಹಾಡೇನಿ, ಅದನ್ನ ಬರಿಯಾಕ ಮರೀಬ್ಯಾಡ್ರಿ. ಶಿವನ ಕಡೆಯಾಂವ ಅಂತ ನನ್ನ ಸಾಕ್ಷಿ ಕರದ್ರಿ. ಶಿವನ ಕಡೆಯಾಂವ ಹೇಳ್ತೇನಿ ಕೇಳ್ರಿ. ಈ ಪದದಿಂದ ನನಗ ಭಾಳ ನೋವ ಆಗೇತಿ. ಎಷ್ಟೋ ದಿನ ನಿದ್ದಿ ಬಂದಿಲ್ಲ. ಆ ನೋವಿನ್ಯಾಗನ ನಾ ಶಿವನ್ನ ಹಗಲೂ ರಾತ್ರಿ ನೆನೆಸೇನಿ. ಈ ಪದ ಇಲ್ಲದಿದ್ದರ ಇಷ್ಟ ನೆನೆಸ್ತಿದ್ದಿಲ್ಲ."

ಅವನು ಮಾಡಿದ್ದೇನು ಎಂಬುದು ಆ ಕೋಣೆಯಲ್ಲಿ ಪೂರ್ತಿ ತಿಳಿದದ್ದು ಗುರುಸಿದ್ದವ್ವನೊಬ್ಬಳಿಗೆ. ಹರದೇಶಿಯವನು ನಾಗೇಶಿಯ ಪದವನ್ನು ತನ್ನ ಬಾಯಿಂದ ಹಾಡಿದರೆ ಸೋಲು ಒಪ್ಪಿದಂತೆ. ಆಮೇಲೆ ಆ ಮೇಳದ ಎದುರು ಸಾಯುವತನಕ ಸವಾಲು ಎತ್ತುವಂತಿಲ್ಲ. ಇಷ್ಟು ವರ್ಷ ಯಾರ ಎದುರೂ ಒಪ್ಪದ ಸೋಲನ್ನು ಗಾಳೆಪ್ಪ ಪೊಲೀಸ್ ಠಾಣೆಯಲ್ಲಿ ಒಪ್ಪಿಬಿಟ್ಟಿದ್ದ.

"ನಿನಗ ಬುದ್ಧಿಗಿದ್ಧಿ ಐತಿಲ್ಲೋ?" ಗುರುಸಿದ್ದವ್ವ ಗುಡುಗಿದಳು. ಕ್ಷಮೆ ಕೇಳುವವಳ ದನಿ ಎಲ್ಲೋ ಹಾರಿಹೋಗಿತ್ತು. "ಏನ ಮಾಡ್ಕೊಂಡಿ ಗೊತ್ತೈತೇನು?"

"ಗೊತ್ತೈತಿ. ಸೋತ್ನಿ. ಈಗ ನಾ ನಾಗೇಶಿ. ಸವಾಲ ಹಾಕೇನಿ, ಜವಾಬ ಬೇಕು. ಹರನ ಕಡಿಗೆ ಇಲ್ಲಿ ಯಾರೂ ಉಳಿದಿಲ್ಲ. ನೀನ ಕೊಡಬೇಕು."

ಗುರುಸಿದ್ದವ್ವ ಅವನನ್ನು ದುರುಗುಟ್ಟಿ ನೋಡಿದಳು. ಹಾಡಿದರೆ ತಾನೂ ಸೋತಂತೆ. ಹಾಡದಿದ್ದರೆ ಹರ ಭಿಕ್ಷುಕನಾಗಿಯೇ ಉಳಿದಂತೆ. ಕೊರಳ ಲಿಂಗವನ್ನು ಒಮ್ಮೆ ಕಣ್ಣಿಗೆ ಒತ್ತಿಕೊಂಡಳು. ಗಾಳೆಪ್ಪನ ಕೈಯಿಂದ ದಪ್ಪು ಕಸಿದುಕೊಂಡಳು.

"ಕೊಟ್ಟಾಕಿ ದೊಡ್ಡಾಕಿ ಅಂತೀರಿ ಎಲ್ಲಾ, ಬೇಡಿದಾಂವನ ನೋಡಿಲ್ಲ,
ಬೇಡೂ ಕೈ ಒಂದ ಇರದಿದ್ದರ ಇಲ್ಲಿ, ಕೊಡೂ ಕೈಗೆ ಕೆಲಸಿಲ್ಲ."

ಬಾಗಿಲಲ್ಲಿದ್ದ ಯಂಕಪ್ಪ ತನಗೆ ಅರಿವಿಲ್ಲದೆ ಗೀಯ ಗೀ ಎಂದ. ಎಂದವನು ಗಾಬರಿಯಾಗಿ ಬಾಯಿಗೆ ಟೋಪಿ ಅಡ್ಡ ಹಿಡಿದ. ಗುರುಸಿದ್ದವ್ವ ಅವನ ಕಡೆ ನೋಡಲೂ ಇಲ್ಲ. ಕಣ್ಣು ಮುಚ್ಚಿದ್ದಳು.

"ಮೂರೂ ಲೋಕದ ಒಡಿಯ ತಾ ಯಾಕ ಬೀದ್ಯಾಗ ಬೇಡಿ ನಿಂತ?
ಎಲ್ಲಾ ಇದ್ದಾಂವ ಕೈಯ ಚಾಚ್ಯಾನ, ಬಡವರ ನಾಚಿಕಿ ಹೋಗಲಂತ."

ಗಾಳೆಪ್ಪನ ಕಣ್ಣಿನಿಂದ ನೀರು ಇಳಿದು ಮೀಸೆ ತೊಯ್ಯುತ್ತಿತ್ತು. ಬಾದಾಮಿಯಿಂದ ಈತನಕ ಅವನು ಹುಡುಕಿದ್ದು ಇದನ್ನೇ. ಅವನು ಹೊಲದ ಬದುವಿನಲ್ಲಿ ಹುಡುಕುತ್ತಿದ್ದಾಗ ಅದು ಗುಡೂರಿನ ಅಂಗಳದಲ್ಲಿ ಕುಳಿತಿತ್ತು.

"ಇದನ್ನ ಎಂದ ಕಟ್ಟಿದಿ?" ಎಂದ.

"ಸವಾಲ ಕಟ್ಟಿದ ದಿನನ. ಜವಾಬ ಗೊತ್ತಿಲ್ಲದ ಸವಾಲ ಹಾಕಬಾರದು ಅಂತ ನಮ್ಮ ಗುರುವಿನ ಮಾತು."

"ಇಷ್ಟ ವರ್ಷ ಹೇಳಲಿಲ್ಲಲ್ಲ?"

"ನೀ ಹೇಳ್ತಿ ಅಂತ ದಾರಿ ನೋಡಿದ್ನಿ, ಮಬ್ಬ. ನಾ ಯಾಕ ಹೇಳ್ಲಿ? ನಾ ನಾಗೇಶಿ."

ಸುನಂದಾ ನಗು ತಡೆಯಲು ಕೆಮ್ಮಿದಳು. "ಹಂಗಾರ ಇಬ್ಬರೂ ಸೋತಿರಿ. ಗೆದ್ದಾರ ಯಾರ್ರಿ?"

ಆಗಲೇ ಎಲ್ಲರಿಗೂ ಪ್ರವೀಣಕುಮಾರನ ನೆನಪಾದದ್ದು. ಅವನು ಫೋನನ್ನು ಯಾವಾಗಲೋ ಮೇಜಿನ ಮೇಲೆ ಇಟ್ಟುಬಿಟ್ಟಿದ್ದ. ಎರಡೂ ಕೈ ಮುಗಿದು ನಿಂತಿದ್ದ. ಮುಗಿದದ್ದು ಗುರುಸಿದ್ದವ್ವನಿಗೋ, ಶಿವನಿಗೋ, ತೀರಿಹೋದ ಅಪ್ಪನಿಗೋ, ಅವನನ್ನು ಕೇಳಿದರೂ ಹೇಳಲಾಗುತ್ತಿರಲಿಲ್ಲ.

"ಯಮ್ಮಾ," ಎಂದ. "ಈ ಕಡೀ ಪದ ಒಂದನ್ನ ಹಾಡಿ ಕೊಡ್ರಿ. ಎಲ್ಲಾ ಕಡೆ ಹಾಕ್ತೇನಿ. ನಿಮ್ಮ ಮ್ಯಾಲಿನ ಹೊಲಸ ಮಾತೂ ನಿಂದ್ರತೈತಿ. ಮೊದಲಿನ ಆ ಸಾಲ ಬ್ಯಾಡ."

"ಆಗೂದಿಲ್ಲಪ," ಎಂದಳು ಗುರುಸಿದ್ದವ್ವ.

"ಯಾಕ್ರಿ?"

"ಒಮ್ಮೆ ಯಾರೋ ಅರ್ಧಾ ಹಾಕಿದ್ರು, ನಾ ಠಾಣೇಕ ಬಂದ್ನಿ. ಈಗ ನೀನೂ ಅರ್ಧಾನ ಹಾಕ್ತೀಯಾ? ಬಾಯಿಬಿಟ್ಟ ಕೇಳಾಕ ಧೈರ್ಯಾ ಇಲ್ಲದಾವರಿಗೆ ಆ ಜವಾಬ ದಕ್ಕೂದಿಲ್ಲ, ತಮ್ಮಾ. ಬೈಗಳದಿಂದನ ಸುರು ಆಗಬೇಕು. ಬ್ಯಾಡ ಅಂದ್ರ ಕೇಸ ಮಾಡು. ಕೋರ್ಟಿನ್ಯಾಗ ಎರಡೂ ಪದ ಹಾಡ್ತೇನಿ. ಇನ್ನ ತಪ್ಪಾತು ಅನ್ನೂ ಮಾತ ಮಾತ್ರ ನನ್ನ ಬಾಯಿಂದ ಬರೂದಿಲ್ಲ."

ಸುನಂದಾ ಅರ್ಜಿಯನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿದಳು. "ನಿಮ್ಮ ಅರ್ಜಿ ಐತ್ರಿ. ಇಟಗೋ ಅಂದ್ರ ಇಟಗೋತೇನಿ, ನಾ ಕಂಡದ್ದು ಕೇಳಿದ್ದು ಪೂರಾ ಬರೀತೇನಿ. ಹೇಳ್ರಿ."

ಪ್ರವೀಣಕುಮಾರ ಆ ಹಾಳೆಯನ್ನು ಎತ್ತಿಕೊಂಡ. ಅದನ್ನು ಹರಿಯಲಿಲ್ಲ, ಎರಡು ಮಡಿಕೆ ಮಾಡಿ ಕಿಸೆಯಲ್ಲಿ ಇಟ್ಟುಕೊಂಡ. ಆಮೇಲೆ ಮೇಜಿನ ಮೇಲಿದ್ದ ಫೋನು ಎತ್ತಿಕೊಂಡು, ಅಂಗಿಯ ತುದಿಯಿಂದ ಅದರ ಕಣ್ಣು ಒರೆಸಿ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದ.

"ಹಂಗಾರ ಮೊದಲಿಂದನ ಹಾಡ್ರಿ," ಎಂದ. "ಕಾಕಾ ಹಾಡೂ ಮುಂದ ಫೋನ ಅಲ್ಲಾಡಿತ್ತು. ಆ ಭಿಕ್ಷಾ ಪಾತ್ರಿ ಸಾಲ ಸರಿಯಾಗಿ ಬಂದಿಲ್ಲ."

ಗುರುಸಿದ್ದವ್ವ ದಪ್ಪನ್ನು ಗಾಳೆಪ್ಪನ ಕೈಗೆ ಕೊಟ್ಟಳು.

"ಕೇಳಿದೇನ ಗಾಳೆಪ್ಪಣ್ಣ?" ಎಂದಳು. "ಅರ್ಜಿ ಕೊಟ್ಟ ಸಾಹೇಬರು ತಾವ ಬೈಯಾಕ ಹೇಳ್ಯಾರ. ಬಾರಸು."